ಶಾಲು ಹೊದಿಸಿದರೆ ಮುಗಿಯಿತಾ? ದಾಸರ ಪದ ಹಾಡುವವರ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ನಮ್ಮೂರ ಗುಡಿಯಲ್ಲಿ ಪ್ರತಿ ಶನಿವಾರ ಭಜನೆ ಇರುತ್ತದೆ. ಅಲ್ಲಿ ಹಾಡುವ ಒಬ್ಬರಿದ್ದಾರೆ. ವಯಸ್ಸು 55 ದಾಟಿದೆ, ಹಗಲೆಲ್ಲ ಟೇಲರಿಂಗ್ ಕೆಲಸ. ಅವರು ಕನಕದಾಸರ ‘ತೊರೆದು ಜೀವಿಸಬಹುದೆ’ ಎತ್ತಿಕೊಂಡರೆ ಇಡೀ ಗುಡಿ ಸುಮ್ಮನಾಗುತ್ತದೆ. ನಾನಂತೂ ಅವರ ದೊಡ್ಡ ಅಭಿಮಾನಿ. ಆದರೆ ಜಾತ್ರೆ ಬಂದರೆ ಆರ್ಕೆಸ್ಟ್ರಾದವರಿಗೆ ಮೊದಲೇ ಅಡ್ವಾನ್ಸ್ ಹೋಗುತ್ತದೆ, ಇವರಿಗೆ ಒಂದು ಶಾಲು, ಒಂದು ತೆಂಗಿನಕಾಯಿ. ಕಮಿಟಿಯಲ್ಲಿ ಕೇಳಿದೆ. ‘ಅದು ದೇವರು ಕೊಟ್ಟ ಕಂಠ, ದೇವರ ಸೇವೆಗೆ ಯಾರಾದರೂ ದುಡ್ಡು ಕೇಳ್ತಾರಾ’ ಅಂದರು. ಭಕ್ತಿ ಹಾಡುವವರು ಹಣ ತಗೊಳ್ಳೋದು ತಪ್ಪಾ ಸಾರ್? ನಮ್ಮ ಜನ ಪ್ರತಿಭೆಯನ್ನು ಯಾಕೆ ಹೀಗೆ ನಡೆಸಿಕೊಳ್ಳುತ್ತಾರೆ? ನನ್ನಂಥವನು ಏನು ಮಾಡಬಹುದು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೂವತ್ತು ವರ್ಷದಿಂದ ಹಾಡು ಕಲಿಸುತ್ತಿದ್ದೇನೆ, ಅದಕ್ಕೂ ಮುಂಚೆಯಿಂದ ದಾಸರ ಪದ, ವಚನ ಹಾಡುವವರ ಪಕ್ಕದಲ್ಲಿ ಕೂತು ಹಾರ್ಮೋನಿಯಂ ನುಡಿಸಿದ್ದೇನೆ. ನೀವು ಬರೆದದ್ದು ನನಗೆ ಗೊತ್ತಿರುವ ಎಷ್ಟೋ ಮನೆಗಳ ಕಥೆ. ಮೊದಲು ನೇರವಾಗಿ ಹೇಳಿಬಿಡುತ್ತೇನೆ. ತಪ್ಪಲ್ಲ. ಕೊಡದೇ ಇರುವುದು ತಪ್ಪು. ಯಾಕೆ ಅಂತ ಹೇಳುವುದಕ್ಕೆ ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

‘ಇಡೀ ಗುಡಿ ಸುಮ್ಮನಾಗುತ್ತದೆ’ ಅಂತ ಬರೆದಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡೋಣ. ಅದು ಹೇಗೆ ಆಗುತ್ತದೆ ಗೊತ್ತಾ? ಆ ಪದದ ಮೊದಲ ಸಾಲನ್ನೇ ತಗೊಳ್ಳಿ. ತೊರೆದು ಜೀವಿಸಬಹುದೆ ಹರಿ ನಿನ್ನ ಚರಣಗಳ. ನಿಧಾನ ಲಯದಲ್ಲಿ ಇದನ್ನು ಹಾಡಲು ಹೊರಟರೆ ‘ಜೀವಿಸ’ ಅನ್ನುವಷ್ಟರಲ್ಲಿ ಉಸಿರು ಮುಗಿಯುತ್ತದೆ. ಕಲಿಯುವ ಹುಡುಗರು ಅಲ್ಲೇ ಉಸಿರು ಎಳೆದುಕೊಂಡು ‘ಬಹುದೆ’ ಅನ್ನುತ್ತಾರೆ. ಸ್ವರ ಸರಿಯಾಗಿಯೇ ಇರುತ್ತದೆ, ತಾಳವೂ ತಪ್ಪಿರುವುದಿಲ್ಲ, ಆದರೆ ಮಾತು ಮುರಿದುಹೋಗುತ್ತದೆ. ಅದು ಕನಕದಾಸರು ಕೇಳುತ್ತಿರುವ ಪ್ರಶ್ನೆ. ಪ್ರಶ್ನೆಯನ್ನು ನಡುವೆ ಕತ್ತರಿಸಿದರೆ ಕೇಳುವವರಿಗೆ ಅದು ಪ್ರಶ್ನೆ ಅಂತಲೇ ಅನ್ನಿಸುವುದಿಲ್ಲ. ಪಳಗಿದವರು ‘ತೊರೆದು’ ಆದಮೇಲೆ ಯಾರಿಗೂ ಕಾಣದ ಹಾಗೆ ಒಂದು ಚಿಕ್ಕ ಉಸಿರು ತಗೊಂಡು ‘ಜೀವಿಸಬಹುದೆ’ಯನ್ನು ಇಡಿಯಾಗಿ ಹೇಳಿ, ಕೊನೆಯ ‘ದೆ’ಯನ್ನು ಸ್ವಲ್ಪ ತೂಗಲು ಬಿಟ್ಟು ಸುಮ್ಮನಾಗುತ್ತಾರೆ. ಆ ಒಂದು ಕ್ಷಣದ ಮೌನ ಇದೆಯಲ್ಲ, ನಿಮ್ಮ ಗುಡಿ ಸುಮ್ಮನಾಗುವುದು ಅಲ್ಲಿ.

ಆಮೇಲೆ ಚರಣ ಬರುತ್ತದೆ. ತಾಯಿ ತಂದೆಯನ್ನು ಬಿಡಬಹುದು, ನೆಂಟರನ್ನು ಬಿಡಬಹುದು, ರಾಜ ಮುನಿದರೆ ರಾಜ್ಯವನ್ನೇ ಬಿಡಬಹುದು, ನಿನ್ನ ಪಾದ ಮಾತ್ರ ಬಿಡಲಾಗದು ಅನ್ನುತ್ತಾ ಒಂದೊಂದನ್ನೇ ಕೆಳಗಿಟ್ಟು ಪ್ರತಿ ಸಲವೂ ಪಲ್ಲವಿಗೆ ವಾಪಸ್ ಬರಬೇಕು. ಮೊದಲ ಸಲ ಬಂದ ಹಾಗೇ ಎರಡನೇ ಸಲ ಬಂದರೆ ಹಾಡು ಸತ್ತಂತೆ. ಬಿಟ್ಟದ್ದರ ಭಾರ ಪ್ರತಿ ಸಲ ಜಾಸ್ತಿ ಆಗಿರಬೇಕು, ಆದರೆ ದನಿ ಏರಿಸಬಾರದು. ಇದನ್ನು ಹೇಳಿಕೊಡುವುದು ಕಷ್ಟ. ನಾನು ಐದಾರು ವರ್ಷ ಕಲಿಸಿದ ಮೇಲೂ ಕೆಲವರಿಗೆ ಬರುವುದಿಲ್ಲ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಪುರಂದರದಾಸರು, ಕನಕದಾಸರು ಇದ್ದದ್ದು 15, 16ನೇ ಶತಮಾನದಲ್ಲಿ. ಅವರ ಪದಗಳ ಮಾತು ನಮಗೆ ಉಳಿದು ಬಂತು, ಆದರೆ ಬಹುಪಾಲು ಪದಗಳನ್ನು ಅವರು ಹಾಡಿದ ಮೂಲ ಧಾಟಿ ಉಳಿದು ಬರಲಿಲ್ಲ. ನಾವು ಈಗ ಕೇಳುವುದು ಆಮೇಲಿನವರು ಕೂಡಿಸಿದ ಧಾಟಿ. ಅದಕ್ಕೇ ಒಂದೇ ಪದ ಮೈಸೂರು ಕಡೆ ಒಂದು ರಾಗದಲ್ಲಿ, ಧಾರವಾಡದ ಕಡೆ ಇನ್ನೊಂದರಲ್ಲಿ ಇರುತ್ತದೆ. ಅಂದರೆ ಪದ ಹಾಡುವವರು ಯಾವುದೋ ಹಳೆಯ ಪೆಟ್ಟಿಗೆಯಿಂದ ಒಡವೆ ತೆಗೆದು ತೋರಿಸುತ್ತಿಲ್ಲ. ಯಾವ ರಾಗ, ಎಲ್ಲಿ ನಿಲ್ಲಬೇಕು, ಯಾವ ಮಾತಿಗೆ ಒತ್ತು, ಎಷ್ಟು ಆಲಾಪ ಮಾಡಿದರೆ ಮಾತು ಮುಚ್ಚಿಹೋಗುವುದಿಲ್ಲ, ಇದೆಲ್ಲ ಅವರದೇ ತೀರ್ಮಾನ. ನಿಮ್ಮ ಟೇಲರ್ ಹಗಲೆಲ್ಲ ಬಗ್ಗಿ ಕೂತು ಹೊಲಿಯುತ್ತಾರೆ. ಬಗ್ಗಿ ಕೂತವರಿಗೆ ಹೊಟ್ಟೆಯಿಂದ ಉಸಿರು ತಗೊಳ್ಳುವ ಅಭ್ಯಾಸವೇ ತಪ್ಪಿಹೋಗುತ್ತದೆ. ಅಂಥವರು ಸಂಜೆ ಬಂದು ಅಷ್ಟುದ್ದ ಉಸಿರು ಹಿಡಿದು ಹಾಡುತ್ತಾರೆ ಅಂದರೆ ಬೆಳಗಿನ ಜಾವ ಎದ್ದು ಕೆಳಗಿನ ಷಡ್ಜ, ಅಂದರೆ ‘ಸ’ ಸ್ವರ, ಹಿಡಿದು ಕೂತಿದ್ದಾರೆ ಅಂತಲೇ ಅರ್ಥ. ನಮ್ಮಲ್ಲಿ ಅದನ್ನು ಖರಜದ ರಿಯಾಜ್ ಅನ್ನುತ್ತೇವೆ. ಒಂದೇ ಸ್ವರ, ಅರ್ಧ ತಾಸು, ಮುಕ್ಕಾಲು ತಾಸು. ಮನೆಯವರಿಗೂ ಬೇಜಾರು ಬರಿಸುವ ಕೆಲಸ. ಇಪ್ಪತ್ತು ಮೂವತ್ತು ವರ್ಷ ಮಾಡಿರುತ್ತಾರೆ, ಯಾರೂ ನೋಡಿರುವುದಿಲ್ಲ.

ಈಗ ನಿಮ್ಮ ಕಮಿಟಿಯವರ ಮಾತಿಗೆ ಬರುತ್ತೇನೆ. ‘ದೇವರು ಕೊಟ್ಟ ಕಂಠ.’ ಇದು ಹೊಗಳಿಕೆ ಅಂತಲೇ ಹೇಳಿರುತ್ತಾರೆ, ಅವರ ಭಕ್ತಿಯನ್ನು ನಾನು ಅನುಮಾನಿಸುವುದಿಲ್ಲ. ಹಾಡುವವರೂ ಹಾಗೇ ಹೇಳಿಕೊಳ್ಳುತ್ತಾರೆ, ಅದು ಅವರ ವಿನಯ. ಆದರೆ ಕೇಳುವವರು ಅದೇ ಮಾತನ್ನು ಹೇಳಿದಾಗ ಏನಾಗುತ್ತದೆ ನೋಡಿ. ಕೊಟ್ಟವನು ದೇವರು, ಕೇಳುವವನೂ ದೇವರು, ನಡುವೆ ಹಾಡಿದ ಮನುಷ್ಯನೇ ಇಲ್ಲವಾಗುತ್ತಾನೆ. ಸಾಲ ಏನಿದ್ದರೂ ದೇವರಿಗೆ, ಒಂದು ಕಾಯಿ ಒಡೆದರೆ ತೀರಿತು. ಆ ಮನುಷ್ಯನ ಬೆಳಗಿನ ಜಾವಗಳು, ಮುಚ್ಚಿದ ಅಂಗಡಿ, ಬಸ್ ಚಾರ್ಜು, ಒಡೆದ ಗಂಟಲು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಜನ ಪ್ರತಿಭೆಯನ್ನು ಯಾಕೆ ಹೀಗೆ ನಡೆಸಿಕೊಳ್ಳುತ್ತಾರೆ ಅಂತ ಕೇಳಿದ್ದೀರಿ. ಜನ ಕೆಟ್ಟವರು ಅಂತಲ್ಲ. ಹಾಡು ಎಲ್ಲಿಂದ ಬರುತ್ತದೆ ಅನ್ನುವುದನ್ನು ನಾವು ತಪ್ಪಾಗಿ ತಿಳಿದುಕೊಂಡಿದ್ದೇವೆ, ಆ ತಪ್ಪು ತಿಳಿವಳಿಕೆ ನಮಗೆ ಅನುಕೂಲವಾಗಿಯೂ ಇದೆ. ನನಗೆ ಇಷ್ಟು ವರ್ಷದಲ್ಲಿ ಅನ್ನಿಸಿರುವುದು ಇದು.

ದಾಸರನ್ನೇ ಮುಂದಿಟ್ಟು ವಾದ ಮಾಡುವವರೂ ಇದ್ದಾರೆ. ಪುರಂದರದಾಸರು ನವಕೋಟಿ ನಾರಾಯಣರಾಗಿದ್ದರು, ಎಲ್ಲ ಬಿಟ್ಟು ತಂಬೂರಿ ಹಿಡಿದರು, ಅವರೇನು ಸಂಭಾವನೆ ಕೇಳಿದರಾ ಅಂತ. ನಾನು ಎರಡು ಮಾತು ಹೇಳುತ್ತೇನೆ. ಒಂದು, ಪುರಂದರದಾಸರು ತಮ್ಮ ಆಸ್ತಿಯನ್ನು ತಾವೇ ಬಿಟ್ಟರು. ಪಕ್ಕದ ಮನೆಯವನ ಆಸ್ತಿಯನ್ನು ಬಿಡಿಸಲಿಲ್ಲ. ಬಿಡುವುದು ಹಾಡುವವರ ಹಕ್ಕು, ಕಮಿಟಿಯದಲ್ಲ. ಎರಡನೆಯದು ಇನ್ನೂ ಮುಖ್ಯ. ದಾಸರು ಬದುಕಿದ್ದು ಮಧುಕರ ವೃತ್ತಿಯಿಂದ. ದುಂಬಿ ಹೂವಿಂದ ಹೂವಿಗೆ ಹೋಗಿ ಸ್ವಲ್ಪ ಸ್ವಲ್ಪ ತಗೊಳ್ಳುವ ಹಾಗೆ ಮನೆ ಮನೆ ಮುಂದೆ ಹಾಡಿ ಪಡೆಯುವುದು. ಅಂದರೆ ಅವರು ಹಾಡಿಕೊಂಡು ಬಂದಾಗ ಪ್ರತಿ ಮನೆಯಿಂದ ಯಾರೋ ಒಬ್ಬರು ಅಕ್ಕಿ ಹಿಡಿದುಕೊಂಡು ಹೊರಗೆ ಬರುತ್ತಿದ್ದರು. ಆ ತಾಯಿ ಮೊರದಲ್ಲಿ ಅಕ್ಕಿ ತರದಿದ್ದರೆ ದಾಸರಿಗೆ ಆ ರಾತ್ರಿ ಊಟ ಇಲ್ಲ. ಹಾಡುವವರಿಗೆ ಒಂದು ಕರ್ತವ್ಯ ಇತ್ತು, ಕೇಳುವವರಿಗೂ ಒಂದು ಇತ್ತು. ನಾವು ಹಾಡುವ ಅರ್ಧವನ್ನು ಮಾತ್ರ ಇಟ್ಟುಕೊಂಡಿದ್ದೇವೆ. ಅಕ್ಕಿ ತರುವ ಅರ್ಧ ಎಲ್ಲಿ ಹೋಯಿತು?

ಅಕ್ಕಿ ತಂದವರಿದ್ದಾಗ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ನಾಡಿನಲ್ಲೇ ದೊಡ್ಡ ಸಾಕ್ಷಿ ಇದೆ. ಗದಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು ಸ್ವತಃ ಕಣ್ಣಿಲ್ಲದವರು. ಕಣ್ಣಿಲ್ಲದ, ಬಡ ಮಕ್ಕಳನ್ನು ಕೂಡಿಸಿಕೊಂಡು ಸಂಗೀತ ಕಲಿಸಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು, ಅವರಿಗೂ ಕಣ್ಣು ಕಾಣುತ್ತಿರಲಿಲ್ಲ, 2010ರಲ್ಲಿ ತಾವು ತೀರಿಕೊಳ್ಳುವವರೆಗೂ ಅದನ್ನು ನಡೆಸಿದರು. ಅಲ್ಲಿ ಜಾತಿ ಕೇಳಲಿಲ್ಲ, ಫೀಸು ಕೇಳಲಿಲ್ಲ. ಆದರೆ ಅನ್ನ ಆಕಾಶದಿಂದ ಬೀಳಲಿಲ್ಲ. ನಾಟಕ ಕಂಪನಿ ಕಟ್ಟಿ ಊರೂರು ಆಡಿದರು, ಭಕ್ತರು ತುಲಾಭಾರ ಮಾಡಿಸಿದ ಹಣವೆಲ್ಲ ಮಕ್ಕಳ ಊಟಕ್ಕೇ ಹೋಯಿತು. ಹಳ್ಳಿ ಜನ ಜೋಳದ ಚೀಲ ತಂದು ಇಳಿಸಿದರು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಅಂಥ ಹಾಡುಗಾರರು ಈ ಪರಂಪರೆಯಿಂದಲೇ ಬಂದವರು.

ಹಿಂದೂಸ್ತಾನಿ ಹಾಡುಗಾರ ವೆಂಕಟೇಶ ಕುಮಾರರೂ ಅಲ್ಲಿಯವರೇ. ಬಳ್ಳಾರಿ ಕಡೆಯ ಲಕ್ಷ್ಮೀಪುರದಲ್ಲಿ 1953ರಲ್ಲಿ ಹುಟ್ಟಿದ ಹುಡುಗ, ತಂದೆ ಜಾನಪದ ಹಾಡುಗಾರರು, ಗೊಂಬೆ ಆಡಿಸುವವರು. ಪುಣ್ಯಾಶ್ರಮದಲ್ಲಿ ಸುಮಾರು ಹನ್ನೆರಡು ವರ್ಷ ಇದ್ದು ಕಲಿತರು. ನಿಮ್ಮ ಪತ್ರದಲ್ಲಿರುವ ಅದೇ ಕನಕದಾಸರ ಪದವನ್ನು ಇವತ್ತು ಸಾವಿರಾರು ಮನೆಗಳಲ್ಲಿ ಜನ ಅವರ ದನಿಯಲ್ಲೇ ಕೇಳುತ್ತಾರೆ. ಹನ್ನೆರಡು ವರ್ಷ ಒಬ್ಬ ಹುಡುಗನಿಗೆ ಊಟ, ಮಲಗಲು ಜಾಗ, ಗುರು ಸಿಕ್ಕಿದ್ದಕ್ಕೆ ಆ ದನಿ ನಮಗೆ ಸಿಕ್ಕಿತು. ಅಷ್ಟಾದರೂ ಹೊರಗಿನವರ ಕಿವಿಗೆ ಬೀಳಲು ಇನ್ನಷ್ಟು ವರ್ಷ ಬೇಕಾಯಿತು. 1993ರಲ್ಲಿ ಭೀಮಸೇನ ಜೋಶಿಯವರು ಪುಣೆಯ ಸವಾಯಿ ಗಂಧರ್ವ ಸಂಗೀತ ಉತ್ಸವಕ್ಕೆ ಕರೆದ ಮೇಲೆ ಅವರ ಹೆಸರು ದೂರ ದೂರ ಹೋಯಿತು. ಆಗ ಅವರಿಗೆ ನಲವತ್ತು. ಪದ್ಮಶ್ರೀ ಬಂದದ್ದು 2016ರಲ್ಲಿ. ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಪ್ರಶಸ್ತಿಯಲ್ಲ. ಹೆಸರು ಮಾಡಿದ ಒಬ್ಬ ಹಾಡುಗಾರ ಇನ್ನೊಬ್ಬನನ್ನು ಕೇಳಿ, ಕರೆದು, ತನ್ನ ವೇದಿಕೆಯ ಮೇಲೆ ಕೂರಿಸಿದರಲ್ಲ, ಅದು.

ಭೀಮಸೇನರೂ ಗದಗಿನವರೇ ಅಲ್ವಾ. 1933ರಲ್ಲಿ, ಹನ್ನೊಂದರ ಹುಡುಗ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ರೈಲು ಹತ್ತಿದ. ಕೈಯಲ್ಲಿ ಕಾಸಿಲ್ಲ. ಗೊತ್ತಿಲ್ಲದ ಪ್ರಯಾಣಿಕರು ಕೈಲಾದಷ್ಟು ಕೊಟ್ಟು ಅವನನ್ನು ಮುಂದಕ್ಕೆ ಸಾಗಿಸಿದರು. 2008ರಲ್ಲಿ ಭಾರತರತ್ನ ಅಂತ ಸುದ್ದಿ ಬಂದಾಗ ಇಡೀ ಕರ್ನಾಟಕ ಕುಣಿಯಿತು, ನಾನೂ ಪೇಡಾ ಹಂಚಿದೆ. ಆದರೆ ಆ ರೈಲಿನ ಡಬ್ಬಿಯಲ್ಲಿ ಇದ್ದವರ ಹೆಸರು ಯಾರಿಗೂ ಗೊತ್ತಿಲ್ಲ. ಅವರಿಗೆ ಭಾರತರತ್ನ ಕಂಡಿರಲಿಲ್ಲ, ಹಸಿದ ಹುಡುಗ ಕಂಡಿದ್ದ. ನನಗೆ ಅವರ ನೆನಪು ಆಗಾಗ ಬರುತ್ತದೆ.

ಹಣದ ಮಾತು ಇಷ್ಟು. ಇದಕ್ಕಿಂತ ನೋಯುವ ಇನ್ನೊಂದು ಮುಖ ಇದೆ, ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ. ಹಾಡು ಬೇಕು, ಹಾಡಿದವರು ಮನೆಯೊಳಗೆ ಬರುವುದು ಬೇಡ. ಗಂಗೂಬಾಯಿ ಹಾನಗಲ್ ಅವರ ಬಾಲ್ಯದ ನೆನಪು ಒಂದಿದೆ. ಧಾರವಾಡದಲ್ಲಿ ಪಕ್ಕದ ಶ್ರೀಮಂತರ ತೋಟದಲ್ಲಿ ಮಾವಿನಕಾಯಿ ಕಿತ್ತಿದ್ದಕ್ಕೆ ಬೈಸಿಕೊಂಡರು. ಮಾವಿನಕಾಯಿ ಹೋದದ್ದಕ್ಕಲ್ಲ ಆ ಬೈಗುಳ. ಹಾಡುವವಳ ಮಗಳು ತೋಟದೊಳಗೆ ಕಾಲಿಟ್ಟಳಲ್ಲ ಅಂತ. ಮುಂದೆ ಅದೇ ಜನ ಅವರನ್ನು ಮನೆಗೆ ಕರೆದು ಊಟಕ್ಕೆ ಬಡಿಸಿದರು ಅಂತಲೂ ಅವರೇ ಹೇಳಿದ್ದಾರೆ. ಆ ಎರಡು ದಿನಗಳ ನಡುವೆ ಬದಲಾದದ್ದು ಏನು? ಹಾಡುವವಳ ಮಗಳು ಹಾಡುವವಳ ಮಗಳಾಗಿಯೇ ಇದ್ದಳು. ಹೆಸರು ದೊಡ್ಡದಾಗಿತ್ತು, ಅಷ್ಟೇ. ಹೆಸರು ದೊಡ್ಡದಾಗದೇ ಉಳಿದವರ ಗತಿ ಏನು ಅಂತ ಯೋಚಿಸಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಾಡುಗಾರ್ತಿ ಬೆಂಗಳೂರು ನಾಗರತ್ನಮ್ಮನವರ ವಿಷಯ ಇನ್ನೂ ಹೆಚ್ಚಿನದು. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದವರು, ದೇವದಾಸಿ ಮನೆತನದವರು. ತ್ಯಾಗರಾಜರ ಮೇಲಿನ ಭಕ್ತಿಯಿಂದ ತಮ್ಮ ಗಳಿಕೆಯನ್ನೆಲ್ಲ ಸುರಿದು 1920ರ ದಶಕದಲ್ಲಿ ತಮಿಳುನಾಡಿನ ತಿರುವಯ್ಯಾರಿನಲ್ಲಿ ಅವರ ಸಮಾಧಿಗೆ ಗುಡಿ ಕಟ್ಟಿಸಿದರು. ಕಟ್ಟಿಸಿದ್ದು ಅವರು. ಆದರೆ ಅಲ್ಲಿ ಆರಾಧನೆಯ ದಿನ ಹೆಂಗಸರು ಹಾಡುವಂತಿರಲಿಲ್ಲ. ಅವರ ದುಡ್ಡಿನ ಗೋಡೆಯೊಳಗೆ ಅವರ ದನಿಗೇ ಜಾಗ ಇರಲಿಲ್ಲ. ಅವರು ಮನೆಗೆ ಹೋಗಿ ಅಳುತ್ತಾ ಕೂರಲಿಲ್ಲ, ಹೆಂಗಸರನ್ನೇ ಸೇರಿಸಿ ಬೇರೆ ಗುಂಪು ಕಟ್ಟಿಕೊಂಡು ಅಲ್ಲೇ ಹಾಡಿದರು. ಮುಂದೆ 1940ರ ಹೊತ್ತಿಗೆ ಗಂಡಸರ ಗುಂಪು, ಹೆಂಗಸರ ಗುಂಪು ಎಲ್ಲ ಒಂದಾದವು. 1952ರಲ್ಲಿ ಅವರು ತೀರಿಕೊಂಡರು. ಇವತ್ತು ಅಲ್ಲಿ ಗಂಡಸರು ಹೆಂಗಸರು ಸಾಲಾಗಿ ಕೂತು ತ್ಯಾಗರಾಜರ ಪಂಚರತ್ನ ಕೃತಿಗಳನ್ನು ಹಾಡುವುದನ್ನು ಟಿವಿಯಲ್ಲಿ ನೋಡುವಾಗಲೆಲ್ಲ ನಾನು ನನ್ನ ವಿದ್ಯಾರ್ಥಿನಿಯರಿಗೆ ಈ ಅಮ್ಮನ ಹೆಸರು ಹೇಳುತ್ತೇನೆ.

ಈಗ ನಾನೇ ಕಂಡದ್ದೊಂದು ಹೇಳುತ್ತೇನೆ. ನನಗೆ ಹಾರ್ಮೋನಿಯಂ ಕಲಿಸಿದ ಮಾಸ್ತರರು ದಾಸರ ಪದ ಬಹಳ ಚೆನ್ನಾಗಿ ಹಾಡುತ್ತಿದ್ದರು. ಒಂದು ಸಲ ಒಂದು ಊರಿನ ಉತ್ಸವಕ್ಕೆ ಕರೆದಿದ್ದರು. ನಾವು ಎರಡು ಬಸ್ ಬದಲಿಸಿ ಸಂಜೆ ಐದಕ್ಕೇ ಹೋಗಿ ಕೂತೆವು. ಸ್ಟೇಜು ಸಿಕ್ಕಿದ್ದು ರಾತ್ರಿ ಹತ್ತೂವರೆಗೆ. ಮೈಕಿನವನು ಎಕೋ ಎಷ್ಟು ಹಾಕಿದ್ದ ಅಂದರೆ ಒಂದು ಮಾತು ಮುಗಿಯುವ ಮುಂಚೆ ಹಿಂದಿನ ಮಾತು ವಾಪಸ್ ಬರುತ್ತಿತ್ತು. ಆದರೂ ಮಾಸ್ತರರು ಎರಡನೇ ಪದಕ್ಕೆ ಬರುವಷ್ಟರಲ್ಲಿ ಜನರನ್ನು ಹಿಡಿದಿದ್ದರು. ಮುಂದೆ ಕೂತಿದ್ದ ಒಬ್ಬ ಮುದುಕಿ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು, ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೊನೆಯ ಚರಣದಲ್ಲಿ ಇದ್ದರು, ದಾಸರ ಗುರುತಿನ ಹೆಸರು, ಅಂಕಿತ, ಬರಬೇಕು, ಆಗ ಒಬ್ಬರು ಹಿಂದಿನಿಂದ ಬಂದು ಚೀಟಿ ಇಟ್ಟರು. ಅತಿಥಿಗಳು ಬಂದಿದ್ದಾರೆ, ನಿಲ್ಲಿಸಿ ಅಂತ. ಮಾಸ್ತರರು ಓದಿ ತಲೆ ಆಡಿಸಿ ಹಾಡುತ್ತಲೇ ಇದ್ದರು, ಇನ್ನೊಂದೇ ನಿಮಿಷದ ಕೆಲಸ. ಅಷ್ಟರಲ್ಲಿ ಮೈಕ್ ಬಂದ್ ಆಯಿತು. ಬರಿ ಗಂಟಲಿನ ದನಿ ಒಂದು ಕ್ಷಣ ಹಾಗೇ ಹೋಯಿತು, ಆಮೇಲೆ ಅವರೂ ನಿಲ್ಲಿಸಿದರು. ಹಾರ ಹಾಕಿದರು, ಶಾಲು ಹೊದಿಸಿದರು, ಫೋಟೋ ತೆಗೆದರು. ಬಸ್ ಚಾರ್ಜು ಕೊಡುವುದು ಯಾರಿಗೂ ನೆನಪಾಗಲಿಲ್ಲ.

ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಬೆಳಗಿನ ಮೊದಲ ಬಸ್ಸಿಗೆ ಕಾಯುತ್ತಾ ಕೂತಿದ್ದೆವು. ದುಡ್ಡಿನ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಬಹಳ ಹೊತ್ತಿನ ಮೇಲೆ ‘ಪಲ್ಲವಿಗೆ ವಾಪಸ್ ಬರ್ಲಿಕ್ಕೆ ಬಿಡಲಿಲ್ಲಲ್ಲೋ ತಮ್ಮಾ’ ಅಂದರು. ಅಷ್ಟೇ.

ಮಾಸ್ತರರು ತೀರಿಕೊಂಡ ಮೇಲೆ ಅವರ ಮನೆಗೆ ಹೋಗಿದ್ದೆ. ಅವರ ಹೆಂಡತಿ, ನಾನು ಅವ್ವಾ ಅಂತಲೇ ಕರೆಯುವುದು, ಒಂದು ಕೌದಿ ತೋರಿಸಿದರು. ನಲವತ್ತು ವರ್ಷದಲ್ಲಿ ಬಂದ ಸನ್ಮಾನದ ಶಾಲುಗಳನ್ನೆಲ್ಲ ಸೇರಿಸಿ ಹೊಲಿದದ್ದು. ಜರಿ ಅಂಚು ಮೈಗೆ ಚುಚ್ಚುತ್ತದೆ ಅಂತ ಅವನ್ನೆಲ್ಲ ಕತ್ತರಿಸಿ ತೆಗೆದಿದ್ದರು. ಕೆಂಪು, ಹಸಿರು, ಕೇಸರಿ, ಚಂದವಾಗಿತ್ತು. ಕೊನೆಯ ಎರಡು ವರ್ಷ ಮಾಸ್ತರರು ಅದನ್ನೇ ಹೊದ್ದು ಮಲಗುತ್ತಿದ್ದರಂತೆ. ಔಷಧಿಗೆ ಅವ್ವ ಮಾರಿದ್ದು ಹಾರ್ಮೋನಿಯಂ. ಆಗ ನಾನು ಇನ್ನೊಂದು ಊರಿನಲ್ಲಿ ಕೆಲಸದಲ್ಲಿದ್ದೆ, ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಇದನ್ನು ಬರೆಯುವಾಗಲೂ ಕೈ ನಡುಗುತ್ತದೆ.

ಆರ್ಕೆಸ್ಟ್ರಾದವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಅವರೂ ದುಡಿದು ತಿನ್ನುವವರು, ರಾತ್ರಿಯೆಲ್ಲ ನಿದ್ದೆಗೆಟ್ಟು ಊರೂರು ಸುತ್ತುವವರು. ಅವರಿಂದ ಕಲಿಯುವುದು ಒಂದಿದೆ, ಮೊದಲೇ ಮಾತಾಡಿ ಅಡ್ವಾನ್ಸ್ ತಗೊಳ್ಳುತ್ತಾರೆ. ಭಜನೆ ಹಾಡುವವರಿಗೆ ಆ ಮಾತು ಬಾಯಿಂದ ಹೊರಡುವುದಿಲ್ಲ. ಕೇಳಿದರೆ ಭಕ್ತಿ ಕಮ್ಮಿ ಅಂದುಕೊಂಡಾರು ಅನ್ನುವ ಭಯ. ಆದ್ದರಿಂದ ಆ ಮಾತನ್ನು ಅವರ ಪರವಾಗಿ ಬೇರೆಯವರು ಆಡಬೇಕು, ಅದು ನೀವಾಗಬಹುದು.

ಆದರೆ ಮೊದಲು ಅವರನ್ನೇ ಕೇಳಿ. ಇದು ಮುಖ್ಯ. ಗುಡಿಯಲ್ಲಿ ಹಾಡಿದ್ದಕ್ಕೆ ಒಂದು ಕಾಸೂ ಮುಟ್ಟುವುದಿಲ್ಲ ಅಂತ ವ್ರತ ಹಿಡಿದವರು ಇದ್ದಾರೆ, ಅವರ ಮನಸ್ಸು ನೋಯಿಸಬಾರದು. ಶನಿವಾರದ ಭಜನೆ ಅವರ ಸೇವೆ ಅಂತಲೇ ಇರಲಿ, ಅದನ್ನು ಬಿಟ್ಟುಬಿಡಿ. ಜಾತ್ರೆಯ ಕಾರ್ಯಕ್ರಮ ಬೇರೆ. ಅದಕ್ಕೆ ಕರಪತ್ರ ಇದೆ, ಸ್ಟೇಜು ಇದೆ, ಬಜೆಟ್ ಇದೆ. ಅಲ್ಲಿ ಎಷ್ಟು ಕೊಡಬೇಕು ಅಂದರೆ ನಾನು ಸಂಘಟಕರಿಗೆ ಹೇಳುವ ಲೆಕ್ಕ ಸರಳ. ಹಾಡಲು ಬರುವುದಕ್ಕೆ ಆ ಮನುಷ್ಯ ಎಷ್ಟು ದಿನ ಅಂಗಡಿ ಮುಚ್ಚಬೇಕು, ಆ ದಿನಗಳ ದುಡಿಮೆ ಎಷ್ಟು, ಅಲ್ಲಿಂದ ಶುರು ಮಾಡಿ, ಅದಕ್ಕಿಂತ ಒಂದು ಪೈಸೆ ಕಮ್ಮಿ ಆಗಬಾರದು. ತಬಲಾ, ಹಾರ್ಮೋನಿಯಂ, ತಾಳದವರಿಗೆ ಬೇರೆ. ಪ್ರಯಾಣದ ಖರ್ಚು ಬೇರೆ. ಕವರನ್ನು ಹಾಡುವ ಮುಂಚೆಯೇ ಕೊಡಿ. ಕಾರ್ಯಕ್ರಮ ಮುಗಿದ ಮೇಲೆ ಕಮಿಟಿಯವರು ಪೆಂಡಾಲ್ ಬಿಚ್ಚಿಸುವುದರಲ್ಲಿ ಇರುತ್ತಾರೆ, ಹಾಡಿದವರು ಚಪ್ಪಲಿ ಹಾಕಿಕೊಂಡು ಮೂಲೆಯಲ್ಲಿ ಕಾಯುತ್ತಾ ನಿಂತಿರುತ್ತಾರೆ. ಆ ನಿಲ್ಲುವುದು ಬಹಳ ಕಷ್ಟದ್ದು.

ಕರಪತ್ರದಲ್ಲಿ ‘ಊರಿನ ಭಜನಾ ಮಂಡಳಿಯಿಂದ ಭಕ್ತಿಗೀತೆ’ ಅಂತ ಹಾಕುತ್ತಾರಲ್ಲ, ಅದರ ಬದಲು ಅವರ ಹೆಸರು ಹಾಕಿಸಿ. ಇದರಿಂದ ಗೌರವವೂ ಸಿಗುತ್ತದೆ, ಮುಂದೆ ಕೆಲಸಕ್ಕೂ ಬರುತ್ತದೆ. ನಮ್ಮ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಮಾಸಾಶನ ಕೊಡುತ್ತದೆ. ಅರ್ಜಿ ಹಾಕುವಾಗ ಇಷ್ಟು ವರ್ಷ ಹಾಡಿದ್ದಾರೆ ಅನ್ನುವುದಕ್ಕೆ ದಾಖಲೆ ಬೇಕು. ಭಜನೆಯವರು ಸಿಕ್ಕಿಬೀಳುವುದು ಇಲ್ಲೇ. ಮೂವತ್ತು ವರ್ಷ ಹಾಡಿರುತ್ತಾರೆ, ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ, ಯಾಕೆಂದರೆ ಯಾವ ಕರಪತ್ರದಲ್ಲೂ ಹೆಸರು ಅಚ್ಚಾಗಿಲ್ಲ. ಇವತ್ತಿನಿಂದಲೇ ಒಂದು ಫೈಲ್ ಮಾಡಿ. ಹಳೆಯ ಫೋಟೋ, ಕರಪತ್ರ, ಪೇಪರಿನಲ್ಲಿ ಬಂದ ಎರಡು ಸಾಲು, ಏನು ಸಿಕ್ಕಿದರೂ ದಿನಾಂಕ ಬರೆದು ಇಡಿ. ಜಿಲ್ಲೆಯ ಇಲಾಖೆ ಕಚೇರಿಗೆ ಹೋಗಿ ಈಗಿನ ನಿಯಮ ಏನು, ಯಾವ ವಯಸ್ಸು, ಯಾವ ಕಾಗದ ಅಂತ ಕೇಳಿಕೊಂಡು ಬನ್ನಿ. ಟೇಲರ್ ಅಂಗಡಿ ಮುಚ್ಚಿ ಅವರು ಹೋಗುವುದಕ್ಕಿಂತ ನೀವು ಹೋಗುವುದು ಸುಲಭ ಅಲ್ವಾ. ಹಾಗೇ ಆಕಾಶವಾಣಿಯ ಆಡಿಷನ್‌ಗೂ ಅರ್ಜಿ ಹಾಕಿಸಿ ನೋಡಿ. ಬಿ, ಬಿ ಹೈ, ಎ, ಎ ಟಾಪ್ ಅಂತ ಗ್ರೇಡ್ ಕೊಡುತ್ತಾರೆ. ಗ್ರೇಡ್ ಸಿಕ್ಕರೆ ಅದು ಎಲ್ಲಿ ಹೋದರೂ ನಡೆಯುವ ದಾಖಲೆ.

ಮೊಬೈಲಿನಲ್ಲಿ ರೆಕಾರ್ಡ್ ಮಾಡುವ ವಿಷಯ. ನಿಮಗೆ ಅವರ ಮೇಲೆ ಪ್ರೀತಿ ಇದೆ, ನೀವು ಈಗಾಗಲೇ ಮಾಡಿರಬಹುದು. ಕೇಳಿ ಮಾಡಿ. ದಾಸರ ಪದದ ಮಾತು ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಹಾಡಬಹುದು. ಆದರೆ ಅವರು ಹಾಡಿದ ಹಾಡುಗಾರಿಕೆ ಅವರದು. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಹಾಡುವವರಿಗೆ ಬೇರೆಯೇ ಹಕ್ಕು ಇದೆ, 50 ವರ್ಷ ಇರುತ್ತದೆ, ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಿ ಹಂಚುವಂತಿಲ್ಲ. 2012ರ ತಿದ್ದುಪಡಿ ಆದಮೇಲೆ ಇದು ಹಾಡಿದ್ದು ಇಂಥವರು ಅಂತ ಹೆಸರು ಹೇಳಿಸಿಕೊಳ್ಳುವ ಹಕ್ಕೂ ಇದೆ. ‘ಹಳ್ಳಿಯ ಅದ್ಭುತ ಪ್ರತಿಭೆ, ಶೇರ್ ಮಾಡಿ’ ಅಂತ ಹೆಸರೇ ಇಲ್ಲದೆ ಓಡಾಡುವ ವಿಡಿಯೋಗಳನ್ನು ನೋಡಿದಾಗ ನನಗೆ ತುಂಬಾ ದುಃಖವಾಗುತ್ತದೆ. ಲಕ್ಷ ಜನ ನೋಡಿರುತ್ತಾರೆ, ಅವರ ಊರು ಹೆಸರು ಒಬ್ಬರಿಗೂ ಗೊತ್ತಿರುವುದಿಲ್ಲ, ಒಂದು ಕಾರ್ಯಕ್ರಮಕ್ಕೂ ಕರೆ ಬರುವುದಿಲ್ಲ. ಹೆಸರು, ಊರು, ಅವರು ಒಪ್ಪಿದರೆ ಫೋನ್ ನಂಬರ್, ಇಷ್ಟು ಹಾಕಿದರೆ ಅದು ನಿಜವಾದ ಸಹಾಯ.

ಗಂಟಲಿನ ಬಗ್ಗೆಯೂ ಒಂದು ಮಾತು. ಅಖಂಡ ಭಜನೆ ಅಂತ ರಾತ್ರಿಯಿಡೀ ಹಾಡಿಸುತ್ತಾರೆ, ಬಯಲು ಗಾಳಿ, ಊದಿನಕಡ್ಡಿ ಹೊಗೆ, ತಮ್ಮ ದನಿ ತಮಗೇ ಕೇಳಿಸದೆ ಕೂಗಿ ಹಾಡಬೇಕು. ಹೀಗೆ ಮಾಡಿ ಮಾಡಿ ಧ್ವನಿತಂತುಗಳ ಮೇಲೆ ಚಿಕ್ಕ ಗಂಟುಗಳು ಏಳುತ್ತವೆ. ದನಿ ಒರಟಾಗುತ್ತದೆ, ಮೇಲಿನ ಸ್ವರ ಹಿಡಿಯುವುದಿಲ್ಲ. ಬೇಗ ತೋರಿಸಿದರೆ ಎಷ್ಟೋ ಸಲ ವಿಶ್ರಾಂತಿ, ಸರಿಯಾದ ತರಬೇತಿಯಲ್ಲೇ ಕಮ್ಮಿಯಾಗುತ್ತದೆ. ಎರಡು ಮೂರು ವಾರ ಗೊಗ್ಗರು ದನಿ ಹೋಗದಿದ್ದರೆ ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬಿಸಿನೀರು, ಜೇಷ್ಠಮಧು ಅಂತ ತಿಂಗಳುಗಟ್ಟಲೆ ಕಳೆಯಬೇಡಿ. ಮತ್ತೆ ಜಾತ್ರೆಯ ದಿನ ಮೈಕಿನವರ ಹತ್ತಿರ ಮೊದಲೇ ಹೋಗಿ ಎಕೋ ಕಮ್ಮಿ ಮಾಡಿಸಿ, ಹಾಡುವವರ ಕಡೆ ತಿರುಗಿಸಿ ಒಂದು ಚಿಕ್ಕ ಸ್ಪೀಕರ್ ಇಡಿಸಿ. ಪಕ್ಕದಲ್ಲಿ ಒಂದು ಚೊಂಬು ಉಗುರುಬೆಚ್ಚಗಿನ ನೀರು. ಯಾರು ಬಂದರೂ ಪದ ಮುಗಿಯುವವರೆಗೆ ಚೀಟಿ ಇಡಬಾರದು ಅಂತ ಕಮಿಟಿಯವರಿಗೆ ನನ್ನ ಹೆಸರು ಹೇಳಿಯಾದರೂ ಒಪ್ಪಿಸಿ.

ಅವರ ಹತ್ತಿರ ಕೂತು ಕಲಿಯುವ ಮಕ್ಕಳು ಯಾರಾದರೂ ಇದ್ದಾರಾ? ಪತ್ರದಲ್ಲಿ ಅದನ್ನು ನೀವು ಬರೆದಿಲ್ಲ. ಇಲ್ಲದಿದ್ದರೆ ನಿಮ್ಮ ಮಕ್ಕಳನ್ನೇ ಕಳಿಸಿ, ತಿಂಗಳಿಗೆ ಇಷ್ಟು ಅಂತ ಫೀಸು ಕೊಟ್ಟು ಕಳಿಸಿ. ಹಾಡುಗಾರರಿಗೆ ಕೇಳುವವರು ಸಿಕ್ಕರೆ ಸಂತೋಷ, ಕಲಿಯುವವರು ಸಿಕ್ಕರೆ ಅದಕ್ಕಿಂತ ಹೆಚ್ಚು, ಅವರ ಮುಖದಲ್ಲೇ ನಿಮಗೆ ಗೊತ್ತಾಗುತ್ತದೆ.

ಇನ್ನೊಂದು ಕೇಳಬೇಕಿತ್ತು. ಅವರು ಎಷ್ಟರ ಶ್ರುತಿಗೆ ಹಾಡುತ್ತಾರೆ? ಹಾರ್ಮೋನಿಯಂ ಮನೆಗಳಲ್ಲಿ ಕರಿ ಎರಡೋ, ಬಿಳಿ ಒಂದೋ, ಅವರ ಹಾರ್ಮೋನಿಯಂನವರನ್ನು ಕೇಳಿ ಬರೆಯಿರಿ. ಆ ಪದಕ್ಕೆ ತಂಬೂರಿ ಇಲ್ಲದೆ ಹಾಡುವುದು ಕಷ್ಟ. ನನ್ನ ಹತ್ತಿರ ಎರಡಿವೆ, ಒಂದು ನಮ್ಮ ಮಾಸ್ತರರದು, ಸುಮ್ನೆ ಗೋಡೆಗೆ ಒರಗಿದೆ. ನಿಮ್ಮೂರ ಜಾತ್ರೆಯ ಹೊತ್ತಿಗೆ ಅದಕ್ಕೆ ಹೊಸ ತಂತಿ ಹಾಕಿಸಿ, ಅವರ ಶ್ರುತಿಗೆ ಕೂಡಿಸಿಕೊಂಡು ನಾನೇ ಬರುತ್ತೇನೆ.